ಕಚರಿಯನ್ನೂ ಬರೆಯಿರಿ

ಡಾಂಬರು ರಸ್ತೆ ನಮ್ಮೂರಿಗೆ ಬರುವುದಿಲ್ಲ. ಆಲದ ಮರದ ತಿರುವಿನವರೆಗೆ ಬಂದು ಅಲ್ಲೇ ನಿಂತುಬಿಡುತ್ತದೆ. ಅಲ್ಲಿಂದ ಮುಂದೆ ಐದು ಕಿಲೋಮೀಟರು ಬರೀ ಕಲ್ಲು. ಒಂದು ಇಳಿಜಾರು, ಒಂದು ಹಳ್ಳ, ಮತ್ತೆ ಏರು. ಆ ಏರು ಹತ್ತಿದರೆ ಖಾಖರಿಯಾ. ಗುಡ್ಡಕ್ಕೊಂದು ಮನೆ, ದಿಬ್ಬಕ್ಕೊಂದು ಮನೆ. ಒಬ್ಬರ ಮನೆಯ ನಾಯಿ ಬೊಗಳಿದ್ದು ಇನ್ನೊಬ್ಬರ ಮನೆಗೆ ಕೇಳಿಸುತ್ತದೆ, ಅಷ್ಟೇ ನಮ್ಮ ನೆರೆಹೊರೆ.

ನನ್ನ ಹೆಸರು ಥಾವರಾ. ಆ ಆಲದ ಮರದಡಿಯಿಂದ ಪೇಟೆಗೆ ಜೀಪು ಓಡಿಸುತ್ತೇನೆ. ಒಳಗೆ ಹನ್ನೆರಡು ಜನ, ಮೇಲೆ ಎಂಟು, ಹಿಂದೆ ಜೋತುಬಿದ್ದವರು ನಾಲ್ಕು. ಇದು ಸರಿ ಎಂದು ನಾನು ಹೇಳುತ್ತಿಲ್ಲ. ಬಸ್ಸಿಲ್ಲದ ಕಡೆ ಜನ ಹೇಗೆ ಓಡಾಡುತ್ತಾರೆ ಎಂದು ಹೇಳುತ್ತಿದ್ದೇನೆ.

ಪ್ರತಿ ತಿಂಗಳ ಮೊದಲ ಸೋಮವಾರ ಹುಕ್ರಿ ಭಾಭಿ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಆ ಐದು ಕಿಲೋಮೀಟರು ನಡೆದು ಬರುತ್ತಾಳೆ. ಮಗಳಿಗೆ ಆರು ವರ್ಷ, ಹೆಸರು ಕಚರಿ. ಕಚರಿ ಎಂದರೆ ಕಸ. ಹುಟ್ಟಿದಾಗಿನಿಂದ ನಿತ್ರಾಣದ ಕೂಸು. ಚೆಂದದ ಹೆಸರಿಟ್ಟರೆ ಕೆಟ್ಟ ಕಣ್ಣು ಬೀಳುತ್ತದೆಂದು ಅಜ್ಜಿ ಕಸವೆಂದೇ ಹೆಸರಿಟ್ಟಳು. ಕಸವನ್ನು ಯಾರು ಕದ್ದೊಯ್ಯುತ್ತಾರೆ?

"ಮೇಲೆ ಹತ್ತಬೇಡ ಭಾಭಿ, ಮುಂದೆ ಕೂತ್ಕೋ" ಎನ್ನುತ್ತೇನೆ ನಾನು. "ಏ ಕಾಕಾ, ಆ ಕಡೆ ಸರಿ. ಮಗು ಇದೆ."

"ಎಲ್ಲಿಗೆ ಸರೀಲಿ? ನನ್ನ ಮಂಡಿ ಎಲ್ಲಿಡ್ಲಿ?"

"ಮಂಡಿ ಮನೇಲಿ ಬಿಟ್ಟು ಬರಬೇಕಿತ್ತು."

ಕಚರಿ ನಗುತ್ತಾಳೆ. ಅವಳ ಕಣ್ಣಿನ ಬಿಳಿ ಭಾಗ ಹಳದಿ. ನಕ್ಕಾಗ ಅದು ಇನ್ನೂ ಎದ್ದು ಕಾಣುತ್ತದೆ.

"ಥಾವರಾ ಕಾಕಾ, ಜೀಪನ್ನ ನಮ್ಮನೆ ಹತ್ರಾನೇ ತಗೊಂಡ್ ಬಾ. ಅಮ್ಮಂಗೆ ಕಾಲು ನೋವು."

"ನಿಮ್ಮನೆ ಹತ್ರ ಮೇಕೆ ಹತ್ತೋದೇ ಕಷ್ಟ ಮಗಾ. ಜೀಪು ಹೆಂಗೆ ಹತ್ತುತ್ತೆ?"

"ಮೇಕೆಗೆ ಹಾರ್ನ್ ಇಲ್ಲ" ಎಂದಳು ಒಮ್ಮೆ. ಇಡೀ ಜೀಪು ನಕ್ಕಿತು. ಮೇಲೆ ಕೂತವರು ಏನಾಯ್ತು ಏನಾಯ್ತು ಎಂದು ತಲೆ ಬಗ್ಗಿಸಿ ಕೇಳಿದರು.

ಅವಳಿಗಿರುವುದು ರಕ್ತದ ರೋಗ. ರಕ್ತದ ಕಣಗಳು ಗುಂಡಗಿರಬೇಕು. ಇವಳವು ಕುಡುಗೋಲಿನ ಹಾಗೆ ಬಾಗಿರುತ್ತವಂತೆ. ಆಸ್ಪತ್ರೆಯಲ್ಲಿ ಸಿಕಲ್ ಎನ್ನುತ್ತಾರೆ. ನಮ್ಮ ಗುಡ್ಡಗಳ ಕಡೆ ಇದು ಬೇಕಾದಷ್ಟು ಮನೆಗಳಲ್ಲಿದೆ. ದಿನಾ ಗುಳಿಗೆ ನುಂಗಬೇಕು, ತಿಂಗಳಿಗೊಮ್ಮೆ ತೋರಿಸಬೇಕು. ಹಾಗೆ ಮಾಡಿದರೆ ಮಗು ಓಡಾಡಿಕೊಂಡು ಇರುತ್ತದೆ. ಆದರೆ ಒಮ್ಮೊಮ್ಮೆ ಇದ್ದಕ್ಕಿದ್ದಂತೆ ಮೂಳೆ ಮೂಳೆಯಲ್ಲೂ ನೋವು ಏಳುತ್ತದೆ, ಜ್ವರ ಬರುತ್ತದೆ. ಆಗ ಕಾಯುವ ಹಾಗಿಲ್ಲ.

ಹೋದ ಶ್ರಾವಣದಲ್ಲಿ ಹಾಗೇ ಆಯಿತು. ಬೆಳಗ್ಗೆ ನೋವು ಎದ್ದಿತು. ಹುಕ್ರಿ ಮಗಳನ್ನು ಹೊತ್ತು ಹಳ್ಳಕ್ಕೆ ಬಂದರೆ ಹಳ್ಳ ದಡ ಮೀರಿ ಹರಿಯುತ್ತಿತ್ತು. ಈ ದಡದಲ್ಲಿ ಅವಳು, ಆ ದಡದಲ್ಲಿ ನಾನು. ನೀರಿನ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳದು. ಮಧ್ಯಾಹ್ನ ಕಳೆದ ಮೇಲೆ ನೀರು ಎದೆಮಟ್ಟಕ್ಕೆ ಇಳಿಯಿತು. ಆರು ಗಂಡಸರು ಹಗ್ಗ ಹಿಡಿದು ಸಾಲಾಗಿ ನಿಂತು ಕೈಯಿಂದ ಕೈಗೆ ಮಗುವನ್ನು ದಾಟಿಸಿದರು. ಮಗು ಅಳುತ್ತಿರಲಿಲ್ಲ. ಅಳುವಷ್ಟು ಶಕ್ತಿಯೂ ಉಳಿದಿರಲಿಲ್ಲ.

ಆಸ್ಪತ್ರೆಯ ಡಾಕ್ಟರಮ್ಮ ನನ್ನನ್ನೇ ಮಗುವಿನ ಅಪ್ಪ ಎಂದುಕೊಂಡು ಗದರಿದಳು. "ಇಷ್ಟೊತ್ತು ಏನ್ ಮಾಡ್ತಿದ್ರಿ? ಇನ್ನೊಂದು ಸಲ ಹೀಗೆ ತಡ ಮಾಡಿದ್ರೆ ನನ್ನ ಕೈಲಿ ಏನೂ ಇರಲ್ಲ."

"ಹಳ್ಳ ಬಂದಿತ್ತು ಮೇಡಂ."

ಆಕೆ ಚೀಟಿ ಬರೆದು ಕೊಟ್ಟಳು. ಆಮೇಲೆ ಮೆಲ್ಲಗೆ ಹೇಳಿದಳು. "ಈ ಮಗುಗೆ ಗುಳಿಗೆ ಎಷ್ಟು ಮುಖ್ಯಾನೋ ದಾರೀನೂ ಅಷ್ಟೇ ಮುಖ್ಯ. ಗುಳಿಗೆ ನಾನು ಕೊಡ್ತೀನಿ. ದಾರಿ ನಾನೆಲ್ಲಿಂದ ತರಲಿ?"

ದೀಪಾವಳಿ ಮುಗಿದ ಮೇಲೆ ಒಬ್ಬ ಇಂಜಿನಿಯರ್ ಸಾಹೇಬರು ಇಬ್ಬರು ಆಳುಗಳ ಜೊತೆ ಬಂದು ಆಲದ ಮರದ ತಿರುವಿನಲ್ಲಿ ಟೇಪು ಹಿಡಿದು ಅಳೆಯುತ್ತಿದ್ದರು. ಆಚೆ ಕಡೆಯ ಊರಿಗೆ ರಸ್ತೆ ಮಾಡಲು. ನಾನು ಜೀಪು ನಿಲ್ಲಿಸಿ ಹತ್ತಿರ ಹೋದೆ.

"ಸಾಹೇಬ್ರೇ, ಈ ಕಡೆ ಖಾಖರಿಯಾ ಅಂತ ಒಂದು ಊರಿದೆ. ಟೇಪು ಇತ್ತ ತಿರುಗೋದೇ ಇಲ್ವಾ?"

ಸಾಹೇಬರು ಒಳ್ಳೆಯವರು. ಬೈಯಲಿಲ್ಲ. ಪುಸ್ತಕ ತೆಗೆದು ನೋಡಿದರು. "ಖಾಖರಿಯಾ... ಇನ್ನೂರ ನಲವತ್ತಾರು ಜನ. ನಿಮ್ಮ ಗುಡ್ಡಗಾಡಿನ ಕಡೆ ಇನ್ನೂರೈವತ್ತು ಜನ ಇದ್ರೆ ರಸ್ತೆಯ ಪಟ್ಟಿಗೆ ಸೇರಿಸಬಹುದು. ನಾಲ್ಕು ಕಡಿಮೆ."

"ನಾಲ್ಕಾ? ನಾಲ್ಕು ಜನ ನನ್ನ ಜೀಪಿನ ಹಿಂದೆ ಜೋತುಬಿದ್ದಿರ್ತಾರೆ ಸಾಹೇಬ್ರೇ. ನೋಡಿ, ಈಗ್ಲೇ ಇಳಿಸಿ ಕೊಡ್ತೀನಿ."

"ನನಗೆ ಕೊಟ್ಟು ಏನು ಪ್ರಯೋಜನ? ಎಣಿಸೋಕೆ ಬಂದಾಗ ಕೊಡಬೇಕಿತ್ತು" ಎಂದರು ಸಾಹೇಬರು. "ಫೆಬ್ರವರಿಯಲ್ಲಿ ಹೊಸ ಗಣತಿ ಬರುತ್ತೆ. ಆಗಲಾದ್ರೂ ಸರಿಯಾಗಿ ಹೇಳಿ."

ಜೀಪು ಓಡಿಸುತ್ತಲೇ ಯೋಚಿಸಿದೆ. ಆ ನಾಲ್ಕು ಜನ ಎಲ್ಲಿ ಹೋದರು? ಪೇಟೆ ಬರುವಷ್ಟರಲ್ಲಿ ಒಂದು ತಲೆ ಸಿಕ್ಕಿತು. ನನ್ನ ಮನೆಯಲ್ಲೇ ಸಿಕ್ಕಿತು.

ಹದಿನಾರು ವರ್ಷದ ಹಿಂದೆ, ಕಳೆದ ಸಲ ಗಣತಿಯವರು ಬಂದಾಗ ನನ್ನ ಮಗಳು ರಾಮಿ ಮೂರು ತಿಂಗಳ ಕೂಸು. ಎಷ್ಟು ಮಕ್ಕಳು ಎಂದು ಕೇಳಿದರು. "ಎರಡು" ಎಂದೆ. ಮೂರನೆಯದು ಜೋಲಿಯಲ್ಲಿ ಮಲಗಿತ್ತು, ಮೇಲೆ ಬಟ್ಟೆ ಮುಚ್ಚಿದ್ದೆವು. ನಮ್ಮಲ್ಲಿ ಮಕ್ಕಳನ್ನು ಪೂರ್ತಿ ಎಣಿಸುವುದಿಲ್ಲ. ಕಣದಲ್ಲಿ ಕಾಳು ಅಳೆಯುವಾಗಲೂ ಮೊದಲ ಬುಟ್ಟಿಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತೇವೆ. ಮೇಕೆ ಎಣಿಸುವಾಗ ಒಂದನ್ನು ಬಿಟ್ಟು ಎಣಿಸುತ್ತೇವೆ. ಮಕ್ಕಳ ವಿಷಯದಲ್ಲಿ ಕೇಳಬೇಕೇ? ಎಣಿಸುವವರು ದಿಬ್ಬ ಹತ್ತುವುದು ಕಂಡರೆ ಸಾಕು, ಒಂದು ಮಗು ಅಟ್ಟ ಹತ್ತುತ್ತದೆ, ಒಂದು ಮಗು ಮೇಕೆಯ ಹಿಂದೆ ಕಾಡು ಸೇರುತ್ತದೆ. ಹಾಸಿಗೆ ಹಿಡಿದ ಮುದುಕರನ್ನಂತೂ ಯಾರೂ ಹೇಳುವುದೇ ಇಲ್ಲ. ಹೋಗುವ ಜೀವಕ್ಕೆ ಎಣಿಕೆ ಯಾಕೆ ಎನ್ನುತ್ತಾರೆ.

ನನ್ನ ರಾಮಿಗೆ ಈಗ ಹದಿನಾರು ದಾಟಿದೆ. ಎರಡು ಕೊಡ ಒಟ್ಟಿಗೆ ಹೊರುತ್ತಾಳೆ, ಅವ್ವನ ಜೊತೆ ಜಗಳ ಆಡುತ್ತಾಳೆ. ಆಗಿನ ಕಾಗದದ ಪ್ರಕಾರ ಅವಳಿನ್ನೂ ಹುಟ್ಟಿರಲಿಲ್ಲ. ಆ ನಾಲ್ಕರಲ್ಲಿ ಒಂದು ತಲೆ ಬಚ್ಚಿಟ್ಟವನು ನಾನೇ. ರಸ್ತೆ ಇಲ್ಲ, ರಸ್ತೆ ಇಲ್ಲ ಎಂದು ದಿನಾ ಬೈದುಕೊಳ್ಳುವವನೂ ನಾನೇ.

ಮಾರನೆಯ ದಿನ ಜೀಪು ನಿಲ್ಲಿಸಿ ಗಲಬಿ ಆಯಿಯ ಮನೆಗೆ ನಡೆದುಹೋದೆ. ಗಲಬಿ ಆಯಿ ಕಚರಿಯ ಅಜ್ಜಿ, ಹುಕ್ರಿಯ ಅತ್ತೆ. ಖಾಖರಿಯಾದ ಸೂಲಗಿತ್ತಿಯೂ ಅವಳೇ. ನಾನು ಹುಟ್ಟಿದಾಗ ಹಿಡಿದದ್ದೂ ಅವಳ ಕೈಯೇ. ಅವಳು ಹೂಂ ಎಂದರೆ ಊರು ಹೂಂ ಎನ್ನುತ್ತದೆ. ಅಂಗಳದಲ್ಲಿ ಕೂತು ಮೆಕ್ಕೆಜೋಳದ ತೆನೆ ಸುಲಿಯುತ್ತಿದ್ದಳು. ಕಚರಿ ಪಕ್ಕದಲ್ಲಿ ಕಾಳಿನಲ್ಲಿ ಮನೆ ಕಟ್ಟುತ್ತಿದ್ದಳು.

ನಾನು ಎಲ್ಲ ಹೇಳಿದೆ. ಆಯಿ ತೆನೆ ಸುಲಿಯುವುದನ್ನು ನಿಲ್ಲಿಸಲಿಲ್ಲ.

"ಬಸ್ ಬಂದ್ರೆ ನಿನ್ನ ಜೀಪ್ ಏನ್ ಮಾಡ್ತೀಯೋ? ಕೋಳಿಗೂಡು ಮಾಡ್ತೀಯಾ?"

"ಮಾಡ್ತೀನಿ ಆಯಿ. ಮೊದಲ ಮೊಟ್ಟೆ ನಿನಗೇ."

"ನಂಗೆ ನಿನ್ನ ಮೊಟ್ಟೆ ಬೇಡ. ನನ್ನ ಮೊಮ್ಮಗಳು ಸಾಕು." ತೆನೆ ಕೆಳಗಿಟ್ಟಳು. "ಕೇಳು. ಆಗ ನೀನು ಹುಟ್ಟೇ ಇರಲಿಲ್ಲ. ಒಬ್ಬ ಬಾಬು ಕಾಗದ ಹಿಡ್ಕೊಂಡು ಬಂದ. ಮನೇಲಿ ದೊಡ್ಡೋರು ಯಾರೂ ಇರಲಿಲ್ಲ. ನಾನು ಹರೆಯದೋಳು. ನಾಲ್ಕು ಮಕ್ಕಳ ತಾಯಿ ಅಂತ ಜಂಬ. ನಾಲ್ಕು ಅಂತ ಬೆರಳು ತೋರಿಸಿ ಹೇಳ್ದೆ. ಅವನು ನಾಲ್ಕು ಅಂತ ಬರ್ಕೊಂಡ. ಅದೇ ಮಳೆಗಾಲ ದಿತಾ ಹೋದ, ಮಣಿ ಹೋದ್ಲು. ಒಂದೇ ವಾರ. ವಾಂತಿ, ಭೇದಿ. ಅವತ್ತಿಂದ ಈ ಮನೇಲಿ ಯಾವ ಮಗೂನೂ ಪೂರ್ತಿ ಎಣಿಸಿಲ್ಲ."

ನಾನೂ ಒಂದು ತೆನೆ ಎತ್ತಿಕೊಂಡು ಸುಲಿಯತೊಡಗಿದೆ.

ಆಗ ಒಳಗಿಂದ ಹುಕ್ರಿ ಬಂದಳು. ಅತ್ತೆಯ ಎದುರು, ಅದೂ ಹೊರಗಿನ ಗಂಡಸು ಕೂತಿರುವಾಗ, ಅವಳು ಬಾಯಿ ತೆರೆದದ್ದನ್ನು ನಾನು ಎಂದೂ ಕಂಡಿರಲಿಲ್ಲ. ಸೆರಗು ಮುಖದವರೆಗೆ ಎಳೆದುಕೊಂಡೇ ಕೇಳಿದಳು.

"ಆಯಿ, ದಿತಾನ್ನ ಆಸ್ಪತ್ರೆಗೆ ಕರ್ಕೊಂಡು ಹೋಗಲಿಲ್ವಾ?"

"ಹೆಂಗೆ ಹೋಗ್ಲಿ? ಹಳ್ಳ ಬಂದಿತ್ತು. ನಿನ್ನ ಮಾವ ದಡದಲ್ಲಿ ಮಗು ಹೊತ್ಕೊಂಡು ಎರಡು ದಿನ ನಿಂತಿದ್ರು."

"ಮಣೀನ?"

"ಹಳ್ಳ ಇನ್ನೂ ಇಳಿದಿರಲಿಲ್ಲ."

"ನಾನೂ ಶ್ರಾವಣದಲ್ಲಿ ಅದೇ ದಡದಲ್ಲಿ ನಿಂತಿದ್ದೆ ಆಯಿ" ಎಂದಳು ಹುಕ್ರಿ. "ಕಚರಿನ್ನ ಯಾರೂ ಎಣಿಸಿರಲಿಲ್ಲ. ಆದ್ರೂ ನಿಂತಿದ್ದೆ."

ಆಯಿ ಎದ್ದು ನಿಂತಳು. ಮಡಿಲಿನ ಕಾಳೆಲ್ಲ ಕೆಳಗೆ ಚೆಲ್ಲಿದವು. "ಬಾಯಿ ಬಂತು ನಿಂಗೆ. ಎಣಿಸೋರು ಬರೋ ದಿನ ಕಚರಿ ಅಟ್ಟದ ಮೇಲಿರ್ತಾಳೆ. ಇದು ನನ್ನ ಮಾತು. ಥಾವರಾ, ಹೋಗು. ನಿನ್ನ ಕೋಳಿಗೂಡು ಕಾಯ್ತಿದೆ."

ಬೇಲಿಯವರೆಗೆ ಹುಕ್ರಿ ನನ್ನ ಹಿಂದೆಯೇ ಬಂದಳು. ದನಿ ತಗ್ಗಿಸಿ, ಆದರೆ ಗಟ್ಟಿಯಾಗಿ ಹೇಳಿದಳು. "ಅವರು ಅಟ್ಟಕ್ಕೆ ಹತ್ತಿಸಲಿ ಭಾಯಿ. ನಾನು ಇಳಿಸ್ತೀನಿ."

ಫೆಬ್ರವರಿಯಲ್ಲಿ ಗಣತಿಗೆ ಬಂದವರು ಡಾಮೋರ್ ಮಾಟ್ಸಾಬ್. ಆಚೆ ಊರಿನ ಶಾಲೆಯ ಮೇಷ್ಟ್ರು, ನಮ್ಮವರೇ. ಮೊಬೈಲಿನಲ್ಲಿ ಬರೆದುಕೊಳ್ಳುತ್ತಿದ್ದರು. ಗುಡ್ಡದ ದಾರಿ ತೋರಿಸಲು ನಾನು ಜೊತೆಗಿದ್ದೆ. ಮೊದಲು ನನ್ನ ಮನೆಯಲ್ಲೇ ಬರೆಸಿದೆ. ರಾಮಿಯ ಹೆಸರು ಹೇಳುವಾಗ ನನ್ನ ದನಿ ಜೋರಾಗಿಯೇ ಇತ್ತು. ನನ್ನ ಹೆಂಡತಿ ಮಾತ್ರ ಮೂರು ಸಲ ನೆಲಕ್ಕೆ ಉಗುಳಿ ದೃಷ್ಟಿ ತೆಗೆದಳು. ತೆಗೆಯಲಿ, ಬರೆಸಿದ ಮೇಲೆ ತೆಗೆದರೆ ಏನೂ ತೊಂದರೆಯಿಲ್ಲ.

ಎರಡನೆಯದು ಬುಧಿಯಾನ ಮನೆ.

"ನಾಲ್ಕು ಜನ" ಎಂದ ಬುಧಿಯಾ.

"ಅಂಗಳದಲ್ಲಿ ಏಳು ತಟ್ಟೆ ಒಣಗ್ತಿದೆ" ಎಂದರು ಮಾಟ್ಸಾಬ್.

"ನಮಗೆ ಹಸಿವು ಜಾಸ್ತಿ."

"ಬುಧಿಯಾ, ಯಾಕಪ್ಪಾ ಹೆದರ್ತೀಯಾ?"

"ಹೆದರದೆ ಏನು? ಜಾಸ್ತಿ ಹೇಳಿದ್ರೆ ರೇಷನ್ ಕಡಿಮೆ ಮಾಡ್ತಾರೆ, ಪೊಲೀಸರು ಬರ್ತಾರೆ ಅಂತಾರೆ."

"ಯಾರು ಅಂತಾರೆ? ಇದು ರೇಷನ್ ಅಂಗಡಿಗೂ ಹೋಗಲ್ಲ, ಪೊಲೀಸರಿಗೂ ಹೋಗಲ್ಲ. ಒಂದು ಮನೆಯ ಮಾಹಿತಿ ಇನ್ನೊಬ್ಬರಿಗೆ ಕೊಡೋ ಹಾಗೇ ಇಲ್ಲ, ಅದು ಕಾನೂನು. ಊರಲ್ಲಿ ಒಟ್ಟು ಎಷ್ಟು ತಲೆ ಅನ್ನೋದು ಮಾತ್ರ ಎಲ್ಲರಿಗೂ ಗೊತ್ತಾಗುತ್ತೆ. ಅದು ಗೊತ್ತಾಗಬೇಕು."

ಬುಧಿಯಾ ತಲೆ ಕೆರೆದುಕೊಂಡ. "ಗಲಬಿ ಆಯಿ ಏನು ಬರೆಸಿದ್ಲು?"

"ಅಲ್ಲಿಗಿನ್ನೂ ಹೋಗಿಲ್ಲ."

"ಹಂಗಾದ್ರೆ ನಂದೂ ಆಮೇಲೆ ನೋಡೋಣ."

ನಾನು ಹೇಳಿದೆನಲ್ಲ. ಆಕೆ ಹೂಂ ಎನ್ನದೆ ಊರು ಹೂಂ ಎನ್ನುವುದಿಲ್ಲ.

ಗಲಬಿ ಆಯಿ ಬಾಗಿಲಲ್ಲೇ ಕೂತಿದ್ದಳು. ಅಟ್ಟದ ಏಣಿಯ ಬುಡಕ್ಕೆ ಬೆನ್ನು ಕೊಟ್ಟು.

"ರಾಮ್ ರಾಮ್ ಆಯಿ. ಮನೇಲಿ ಎಷ್ಟು ಜನ?"

"ರಾಮ್ ರಾಮ್ ಮಾಟ್ಸಾಬ್. ನಾನು, ಸೊಸೆ ಹುಕ್ರಿ. ಮೊಮ್ಮಕ್ಕಳು ಪಾರು, ರೂಪಾ. ನಾಲ್ಕು. ಮುಗೀತು. ನೀರು ಕುಡೀರಿ, ಮುಂದಿನ ಮನೆಗೆ ಹೋಗಿ."

ಅಷ್ಟರಲ್ಲಿ ಅಟ್ಟದಿಂದ ಒಂದು ಮೆಕ್ಕೆಜೋಳದ ತೆನೆ ದೊಪ್ಪನೆ ಮಾಟ್ಸಾಬರ ಕಾಲ ಬಳಿ ಬಿತ್ತು.

"ಇಲಿ" ಎಂದಳು ಆಯಿ.

"ದೊಡ್ಡ ಇಲಿನೇ ಇರಬೇಕು" ಎಂದರು ಮಾಟ್ಸಾಬ್.

"ನಾನು ಇಲಿ ಅಲ್ಲ!" ಎಂದಿತು ಅಟ್ಟ.

ಪಾರು, ರೂಪಾ ಇಬ್ಬರೂ ಬಾಯಿಗೆ ಕೈ ಹಿಡಿದು ನಕ್ಕರು. ಆಯಿ ನಗಲಿಲ್ಲ. ಹುಕ್ರಿ ಒಲೆಯ ಮುಂದಿನಿಂದ ಎದ್ದು ಏಣಿಯ ಹತ್ತಿರ ಬಂದಳು. ಆಯಿ ಏಣಿಯನ್ನು ಎರಡು ಕೈಯಲ್ಲಿ ಹಿಡಿದುಕೊಂಡಳು.

"ಬಿಡು ಆಯಿ."

"ಬಿಡಲ್ಲ."

"ಮಾಟ್ಸಾಬ್, ಬರ್ಕೊಳ್ಳಿ" ಎಂದಳು ಹುಕ್ರಿ, ಅತ್ತೆಯ ಮುಖವನ್ನೇ ನೋಡುತ್ತ. ಸೆರಗು ಹಿಂದಕ್ಕೆ ಜಾರಿತ್ತು, ಸರಿಮಾಡಿಕೊಳ್ಳಲಿಲ್ಲ. "ಐದನೇದು ಕಚರಿ. ಆರು ವರ್ಷ. ನನ್ನ ಹೊಟ್ಟೇಲಿ ಹುಟ್ಟಿದೋಳು. ಪ್ರತಿ ತಿಂಗಳು ಹೋಗ್ತಾ ಬರ್ತಾ ಹತ್ತು ಕಿಲೋಮೀಟರು ಹೊರ್ತೀನಿ. ಭಾರ ಇದಾಳೆ, ಇಲ್ಲ ಅಂದ್ರೆ ನನ್ನ ಹೆಗಲು ಒಪ್ಪಲ್ಲ."

ಮಾಟ್ಸಾಬ್ ಮೊಬೈಲಿನ ಮೇಲೆ ಬೆರಳಿಟ್ಟುಕೊಂಡು ಕಾದರು. ಬಲವಂತ ಮಾಡುವ ಮನುಷ್ಯ ಅಲ್ಲ ಅವರು. ಆಯಿ ಏಣಿ ಬಿಡದೆಯೇ ಅವರ ಕಡೆ ತಿರುಗಿದಳು.

"ಮಾಟ್ಸಾಬ್, ಒಂದು ಕೇಳ್ತೀನಿ. ನೀವು ಬರ್ಕೊಂಡ ಮೇಲೆ ಯಾರಾದ್ರೂ ಸತ್ತರೆ ಅಳಿಸಿಬಿಡ್ತೀರಾ?"

"ಇಲ್ಲ ಆಯಿ. ಎಣಿಸೋದು ಹತ್ತು ವರ್ಷಕ್ಕೊಂದು ಸಲ, ಈ ಸಲ ಮಾತ್ರ ತಡ ಆಯ್ತು. ಅಲ್ಲಿವರೆಗೂ ಈ ಲೆಕ್ಕಾನೇ ಇರುತ್ತೆ."

"ಅಂದ್ರೆ... ನನ್ನ ದಿತಾ, ನನ್ನ ಮಣಿ. ಆ ಬಾಬು ನಾಲ್ಕು ಅಂತ ಬರೆದನಲ್ಲ. ಹತ್ತು ವರ್ಷ ಆ ಕಾಗದದಲ್ಲಿ ನಾಲ್ಕೇ ಇತ್ತಾ?"

"ನಾಲ್ಕೇ ಇತ್ತು ಆಯಿ. ಲೆಕ್ಕದಲ್ಲಿ ಅವರಿಬ್ರೂ ಇದ್ರು."

ಆಯಿ ಒಂದು ಕೈಯ ನಾಲ್ಕು ಬೆರಳು ಬಿಚ್ಚಿ ನೋಡಿಕೊಂಡಳು. ಆಮೇಲೆ ತನ್ನಷ್ಟಕ್ಕೆ ತಾನೇ ಎಂಬಂತೆ ಹೇಳಿಕೊಂಡಳು.

"ಹಂಗಾದ್ರೆ ಕಾಗದ ಅವರನ್ನ ಕೊಲ್ಲಲಿಲ್ಲ. ಹತ್ತು ವರ್ಷ ಇಟ್ಕೊಂಡಿತ್ತು. ದಾಟೋಕೆ ಬಿಡದೇ ಇದ್ದಿದ್ದು ಹಳ್ಳ." ಅಟ್ಟದ ಕಡೆ ಕತ್ತೆತ್ತಿದಳು. "ಸತ್ತೋರು ಕಾಗದದಲ್ಲಿದ್ರು. ಬದುಕಿರೋಳು ಅಟ್ಟದಲ್ಲಿದಾಳೆ. ಎಂಥ ಕೆಲಸ ಮಾಡ್ತಿದೀನಿ ನಾನು."

ಏಣಿಯಿಂದ ಕೈ ತೆಗೆದಳು. ಹುಕ್ರಿ ಹತ್ತುವ ಮೊದಲೇ ಕಚರಿ ಸರಸರನೆ ಇಳಿದು ಬಂದಳು, ಕೂದಲ ತುಂಬ ಜೋಳದ ಸಿಪ್ಪೆ. ಆಯಿ ಅವಳನ್ನು ಎತ್ತಿ ಸೊಂಟದ ಮೇಲೆ ಕೂರಿಸಿಕೊಂಡಳು. ಬಾಗಿಲಾಚೆ ಬಂದು ಅಂಗಳದ ನಡುವೆ, ಎಲ್ಲರ ಕಣ್ಣಿಗೂ ಬೀಳುವ ಹಾಗೆ ನಿಂತಳು.

"ಬರೀರಿ ಮಾಟ್ಸಾಬ್."

"ಹೆಸರು ಬೇರೆ ಏನಾದ್ರೂ ಇಡ್ತೀರಾ ಆಯಿ?"

"ಬೇಡ. ಕಚರಿ ಅಂತಲೇ ಬರೀರಿ. ಕಸ ಅಂತ ಕರೆದೋಳೂ ನಾನೇ, ಲೆಕ್ಕಕ್ಕೆ ಸೇರಿಸೋಳೂ ನಾನೇ. ಯಾವ ಕಣ್ಣು ಬೀಳುತ್ತೋ ಬೀಳಲಿ. ನನ್ನ ಕಣ್ಣೂ ಏನು ಸಣ್ಣದಲ್ಲ."

ಮಾಟ್ಸಾಬ್ ಬರೆದುಕೊಂಡರು. ಆಯಿ ಅಲ್ಲಿಗೆ ಬಿಡಲಿಲ್ಲ. "ನನ್ನ ಮಗ, ಇವಳಪ್ಪ ವೇಸ್ತಾನ್ನೂ ಬರೀರಿ. ಗುಜರಾತಿನಲ್ಲಿ ಕಲ್ಲಿನ ಕೆಲಸಕ್ಕೆ ಹೋಗಿದಾನೆ."

"ಯಾವಾಗ ಬರ್ತಾನೆ?"

"ಹೋಳಿ ಹಬ್ಬಕ್ಕೆ."

"ಹಬ್ಬದ ಹೊತ್ತಿಗೆ ಗಣತಿ ಮುಗಿದಿರುತ್ತೆ. ಅದಕ್ಕೂ ಮೊದಲು ಒಂದು ದಿನ ಬಂದು ಹೋದ್ರೂ ಇಲ್ಲೇ ಬರೀಬಹುದು. ಬರೋದೇ ಇಲ್ಲ ಅಂದ್ರೆ ಅಲ್ಲಿರೋ ಕಡೆ ಬರೀತಾರೆ. ಎರಡು ಕಡೆ ಬರೆಯೋ ಹಾಗಿಲ್ಲ ಆಯಿ. ಇಲ್ಲದ ತಲೆ ಒಂದೂ ಬೇಡ. ಇರೋ ತಲೆ ಒಂದೂ ಬಿಡಬೇಡ."

"ಫೋನ್ ಮಾಡಿ ಹೇಳು ಹುಕ್ರಿ, ಅಲ್ಲಾದ್ರೂ ಬರೆಸ್ಕೋ ಅಂತ. ಅಲ್ಲೂ ಇಲ್ಲ ಇಲ್ಲೂ ಇಲ್ಲ ಅಂತ ಗಾಳೀಲಿ ತೇಲಬೇಡ ಅನ್ನು" ಎಂದಳು ಆಯಿ. ಆಮೇಲೆ ಅಟ್ಟದಿಂದ ಬಿದ್ದ ತೆನೆಯ ಕಾಳು ಬಿಡಿಸಿ, ಅಲ್ಲಿಯವರೆಗೆ ಬರೆಸಿದ ತಲೆಗೊಂದರಂತೆ ಹೊದ್ದ ಓಢಣಿಯ ತುದಿಗೆ ಹಾಕಿ ಗಂಟು ಕಟ್ಟಿದಳು. ಕೋಲು ತೆಗೆದುಕೊಂಡಳು. "ನಡೀರಿ. ಬುಧಿಯಾನ ಮನೆಗೆ ನಾನೂ ಬರ್ತೀನಿ."

ಆ ಮೂರು ದಿನ ನಡೆದಂಥದ್ದನ್ನು ಖಾಖರಿಯಾದ ಗುಡ್ಡಗಳು ಹಿಂದೆ ಕಂಡಿರಲಿಲ್ಲ. ಮಾಟ್ಸಾಬರಿಗಿಂತ ಹತ್ತು ಹೆಜ್ಜೆ ಮುಂದೆ ಗಲಬಿ ಆಯಿ. ಯಾವ ಮನೆಯಲ್ಲಿ ಯಾವ ಮಗು ಯಾವ ಮಳೆಯಲ್ಲಿ ಹುಟ್ಟಿತು ಎಂದು ಅವಳಿಗೆ ಗೊತ್ತು. ಅವಳ ಎದುರು ಸುಳ್ಳು ಹೇಳುವುದು ಹೇಗೆ?

"ಏ ಬುಧಿಯಾ! ನಿನ್ನ ಮೂರನೇದು ಕಾಲು ಮುಂದಾಗಿ ಹುಟ್ಟಿದ್ದು. ಇಡೀ ದಿನ ನನ್ನ ಬೆವರು ಇಳಿಸಿದಾನೆ. ಅವನಿಲ್ಲ ಅಂತೀಯಾ? ಹೊರಗೆ ಕರಿ!"

ಬುಧಿಯಾ ಹಲ್ಲು ಕಿರಿದು ಮೂರನೆಯವನನ್ನು ಕರೆದ. ಮೇಕೆಗಳ ನಡುವಿನಿಂದ ನಾಲ್ಕನೆಯವಳೂ ಬಂದಳು. ಆಯಿ ಅಲ್ಲಿಗೂ ಬಿಡಲಿಲ್ಲ.

"ನಿಮ್ಮಪ್ಪ ಎಲ್ಲಿ?"

"ಅವನು ಹಾಸಿಗೆ ಹಿಡಿದು ಒಂದು ವರ್ಷ ಆಯ್ತು ಆಯಿ. ಅವನನ್ನ ಯಾಕೆ..."

"ಉಸಿರಾಡ್ತಾನಾ?"

"ಆಡ್ತಾನೆ."

"ಹಂಗಾದ್ರೆ ಬರೆಸು. ಅವನನ್ನೂ ಒಂದಿನ ಅದೇ ಹಳ್ಳ ದಾಟಿಸಬೇಕಲ್ಲ, ಹೆಗಲು ಕೊಡೋನು ನೀನೇ."

ಅತ್ತೆ ಮನೆಗೆ ಹೊಸದಾಗಿ ಬಂದ ಸೊಸೆಯರು, ತವರಿಗೆ ಬಂದು ಉಳಿದ ಹೆಣ್ಣುಮಕ್ಕಳು, ವಾರದ ಹಿಂದೆ ಹುಟ್ಟಿ ಇನ್ನೂ ಹೆಸರಿಡದ ಕೂಸು, ಕಣ್ಣು ಕಾಣದ ಮುದುಕಿ, ಎಲ್ಲರೂ ಹೊರಗೆ ಬಂದರು. ತಲೆಗೊಂದು ಕಾಳಿನಂತೆ ಆಯಿಯ ಗಂಟು ದಪ್ಪಗಾಗುತ್ತ ಹೋಯಿತು. ಒಂದು ಮನೆಯಲ್ಲಿ ಉತ್ಸಾಹಕ್ಕೆ ಬಿದ್ದು ಮದುವೆಯಾಗಿ ಬೇರೆ ಊರಿಗೆ ಹೋದ ಮಗಳನ್ನೂ ಬರೆಸಲು ಹೊರಟರು. ಆಯಿಯೇ ಗದರಿದಳು. "ಅವಳು ಅವಳ ಗಂಡನ ಊರಿಗೆ ರಸ್ತೆ ತರಲಿ. ಅವರಿಗೂ ಹಳ್ಳ ಇದೆ."

ಮೂರನೆಯ ದಿನ ಹೊತ್ತು ಇಳಿಯುವಾಗ ಕೆಲಸ ಮುಗಿಯಿತು. ಆಯಿಯ ಅಂಗಳದಲ್ಲಿ ಊರಿನ ಅರ್ಧ ಜನ ಸೇರಿದ್ದರು. ಆಯಿ ಮೊರ ತರಿಸಿ ಓಢಣಿಯ ಗಂಟು ಬಿಚ್ಚಿದಳು. ಹಳದಿ ಕಾಳುಗಳು ಮೊರದಲ್ಲಿ ಹರಡಿದವು.

"ಮಾಟ್ಸಾಬರ ಮೊಬೈಲು ಅವರ ಹತ್ರ ಇರಲಿ. ನನ್ನ ಮೊಬೈಲು ಇದು" ಎಂದಳು. "ಎಣಿಸು ಥಾವರಾ."

"ನೀನೇ ಎಣಿಸು ಆಯಿ."

ಆಯಿಗೆ ಇಪ್ಪತ್ತರವರೆಗೆ ಮಾತ್ರ ಬರುತ್ತದೆ. ಇಪ್ಪತ್ತಾದ ಕೂಡಲೇ ಒಂದು ಗುಡ್ಡೆ ಮಾಡಿ ಮತ್ತೆ ಮೊದಲಿನಿಂದ ಶುರು. ಅವಳು ಮೊದಲ ಕಾಳನ್ನು ಎತ್ತಿ ಹಿಡಿದಳು. ಎಲ್ಲರೂ ಅಭ್ಯಾಸದಂತೆ ಲಾಭ ಎಂಬ ಮಾತಿಗೆ ಕಾದರು. ಎಪ್ಪತ್ತು ವರ್ಷ ಅವಳ ಬಾಯಲ್ಲಿ ಬಂದದ್ದು ಅದೇ ಮಾತು. ಆಯಿ ಸೊಸೆಯ ಮುಖ ನೋಡಿದಳು. ಮೊರದ ಅಂಚು ಹಿಡಿದು ಕೂತಿದ್ದ ಮೊಮ್ಮಗಳ ಮುಖ ನೋಡಿದಳು.

"ಒಂದು" ಎಂದಳು. "ಕಚರಿ."

ಆಮೇಲೆ ಎರಡು, ಮೂರು, ನಾಲ್ಕು. ಹದಿಮೂರು ಗುಡ್ಡೆಗಳಾದವು. ಮೇಲೆ ಹನ್ನೊಂದು ಕಾಳು ಉಳಿಯಿತು. ಇನ್ನೂರ ಎಪ್ಪತ್ತೊಂದು. ಯಾರನ್ನೂ ಹೊಸದಾಗಿ ತರಲಿಲ್ಲ, ಯಾರನ್ನೂ ಎರಡು ಸಲ ಬರೆಸಲಿಲ್ಲ. ಇದ್ದವರನ್ನು ಇದ್ದಾರೆ ಎಂದೆವು, ಅಷ್ಟೇ.

ರಸ್ತೆ ಇನ್ನೂ ಬಂದಿಲ್ಲ. ನಿಮಗೆ ಸುಳ್ಳು ಹೇಳಿ ನನಗೇನು? ಇವತ್ತು ಎಣಿಸಿದರೆ ನಾಳೆ ಡಾಂಬರು ಬೀಳುವುದಿಲ್ಲ. ಅಂಕಿ ಹೊರಬರಬೇಕು, ಪಟ್ಟಿಯಾಗಬೇಕು, ಪಟ್ಟಿಯ ಹಿಂದೆ ನಾವು ಓಡಾಡಬೇಕು. ಓಡಾಡುತ್ತೇವೆ. ಹೋದ ಗ್ರಾಮಸಭೆಗೆ ಖಾಖರಿಯಾದಿಂದ ಎಂದೂ ಇಲ್ಲದಷ್ಟು ಹೆಂಗಸರು ಹೋದರು. ಗಲಬಿ ಆಯಿ ಆ ಕಾಳಿನ ಗಂಟನ್ನು ಮೇಜಿನ ಮೇಲೆ ಇಟ್ಟಳು.

"ಇದೇನು ಆಯಿ?" ಎಂದು ಕೇಳಿದರು ಪಂಚಾಯ್ತಿಯ ಸರಪಂಚರು.

"ಖಾಖರಿಯಾ" ಎಂದಳು. "ಎಣಿಸಿ ನೋಡ್ಕೊಳ್ಳಿ. ಇಷ್ಟು ಜನ ಇದೀವಿ. ಇನ್ಮೇಲೆ ನಾಲ್ಕು ಕಡಿಮೆ ಅಂತ ನಮ್ಮನ್ನ ವಾಪಸ್ ಕಳಿಸೋ ಹಾಗಿಲ್ಲ. ರಸ್ತೆ ಆಗೋವರೆಗೂ ಈ ಗಂಟು ಇಲ್ಲೇ ಇರುತ್ತೆ. ಇಲಿ ತಿಂದ್ರೆ ಮತ್ತೆ ತರ್ತೀನಿ."

ರಸ್ತೆಯ ಅರ್ಜಿ ಅವತ್ತೇ ಬರೆದರು. ಹುಕ್ರಿ ಮೊದಲ ಹೆಬ್ಬೆಟ್ಟು ಒತ್ತಿದಳು. ಅತ್ತೆ ಎರಡನೆಯದು.

ಬಸ್ಸು ಬಂದ ದಿನ ನನ್ನ ಜೀಪಿನ ಮೇಲಿನ ಕಬ್ಬಿಣದ ಜಾಲರಿ ಬಿಚ್ಚಿ ಆಯಿಗೆ ಕೊಡುತ್ತೇನೆ. ಕೋಳಿಗೂಡಿಗೆ ಚೆನ್ನಾಗಿ ಆಗುತ್ತದೆ. ಅಲ್ಲಿಯವರೆಗೆ ತಿಂಗಳ ಮೊದಲ ಸೋಮವಾರ ಮುಂದಿನ ಸೀಟು ಕಚರಿಯದು. ಯಾವ ಕಾಕಾನ ಮಂಡಿಗೂ ಅಲ್ಲಿ ಜಾಗವಿಲ್ಲ.

ಇದನ್ನು ಓದುತ್ತಿರುವವರೇ, ಓದಿಸಿ ಕೇಳುತ್ತಿರುವವರೇ, ನಿಮ್ಮ ಊರಿಗೂ ಎಣಿಸುವವರು ಬರುತ್ತಾರೆ. ನಿಮ್ಮ ಮನೆಯ ಅಟ್ಟವನ್ನು ಒಮ್ಮೆ ನೋಡಿಕೊಳ್ಳಿ. ನಿನ್ನೆ ಹುಟ್ಟಿದ ಕೂಸು, ಮೂಲೆಯಲ್ಲಿ ಮಲಗಿದ ಮುದುಕ, ಹೊಸ ಸೊಸೆ, ಕಾಯಿಲೆಯ ಮಗು, ಯಾರನ್ನೂ ಬಿಡಬೇಡಿ. ಇಲ್ಲದವರನ್ನು ಸೇರಿಸಬೇಡಿ. ಹೆದರಬೇಡಿ, ಆ ಕಾಗದ ಯಾರ ಅನ್ನವನ್ನೂ ಕಸಿಯುವುದಿಲ್ಲ. ನಮ್ಮನ್ನು ನಾವೇ ಬಚ್ಚಿಟ್ಟರೆ ರಸ್ತೆ ಯಾರನ್ನು ಹುಡುಕಿಕೊಂಡು ಬರಬೇಕು?

ಕೆಟ್ಟ ಕಣ್ಣಿಗೆ ಹೆದರುವವರು ಬರೆಸಿದ ಮೇಲೆ ಬೇಕಾದರೆ ಮೂರು ಸಲ ಉಗುಳಿ. ಆದರೆ ಮೊದಲು ಮಗುವನ್ನು ಅಂಗಳಕ್ಕೆ ಕರೆತನ್ನಿ, ಎಲ್ಲರಿಗೂ ಕೇಳುವ ಹಾಗೆ ಹೆಸರು ಹೇಳಿ, ಒಂದು ಎನ್ನಿ.